ಕೆಂಪು ದೀಪ ಉರಿಯುವ ರೇಡಿಯೋ ಕೋಣೆ

ನನ್ನ ಗಂಡನ ತಮ್ಮ, ಅಂದರೆ ನನ್ನ ಮೈದುನ, ಬಸ್ ನಿಲ್ದಾಣದಲ್ಲಿ ಕೂಗುವ ಕೆಲಸದಲ್ಲಿದ್ದ. ಕೂಗುವುದು ಅಂದರೆ ತರಕಾರಿಯವರು ಬೀದಿಯಲ್ಲಿ ಕೂಗುವ ಹಾಗಲ್ಲ. ಗಾಜಿನ ಕೋಣೆಯಲ್ಲಿ ಕೂತು, ಮೈಕಿನ ಗುಂಡಿ ಒತ್ತಿ, ಯಾವ ಬಸ್ಸು ಯಾವ ಅಂಕಣಕ್ಕೆ ಬರುತ್ತದೆ ಅಂತ ಹೇಳುವುದು. ನನ್ನ ಗಂಡ ಅದೇ ನಿಲ್ದಾಣದ ಡಿಪೋದಲ್ಲಿ ಮೆಕ್ಯಾನಿಕ್ಕು. ಅಣ್ಣನ ಕೈಯೆಲ್ಲ ಗ್ರೀಸು, ತಮ್ಮನ ಬಾಯೆಲ್ಲ ಬೆಣ್ಣೆ ಅಂತ ಡಿಪೋದವರು ಆಡಿಕೊಳ್ಳುತ್ತಿದ್ದರು. ಅವನ ದನಿ ಹಾಗೇ ಇತ್ತು. ಜೋರಿಲ್ಲ, ಅವಸರ ಇಲ್ಲ. ಗಂಟು ಮೂಟೆ ಹೊತ್ತು ಓಡುವ ಮುದುಕಿಯೂ ಆ ದನಿ ಕೇಳಿದರೆ ಒಂದು ಕ್ಷಣ ನಿಂತು, ಉಸಿರು ತಗೊಂಡು, ಆಮೇಲೆ ಸರಿಯಾದ ಬಸ್ಸಿಗೆ ಹೋಗುತ್ತಿದ್ದಳು. ಮನೆಯಲ್ಲಿ ಮಾತ್ರ ಕುಚೇಷ್ಟೆ. ತಟ್ಟೆ ಇಟ್ಟರೆ, "ಪ್ರಯಾಣಿಕರ ಗಮನಕ್ಕೆ, ಅತ್ತಿಗೆಯವರ ಸಾರು ಉಪ್ಪಿಲ್ಲದೆ ಹೊರಟಿದೆ," ಅನ್ನುವನು. ನಾನು ಸೌಟು ಎತ್ತಿದರೆ ನಗುವನು.

ಕಾಯಿಲೆ ಅವನಿಗೆ ಬಂದದ್ದೂ ಬಾಯಿಯಿಂದಲೇ. ಒಂದು ಮಧ್ಯಾಹ್ನ ಮೈಕಿನಲ್ಲಿ, "ಮೂರನೇ ಅಂಕಣದ ಬಸ್ಸು ಹತ್ತಬೇಡಿ. ಅದು ಹೊರಡುತ್ತೆ, ತಲುಪೋದಿಲ್ಲ," ಅಂದ. ಮೊದಲು ಜನ ನಕ್ಕರು. ಆಮೇಲೆ ಒಬ್ಬೊಬ್ಬರೇ ಸಾಮಾನು ಇಳಿಸಿಕೊಂಡರು. ಅಂಥ ದನಿ, ನಂಬದೆ ಇರುವುದು ಹೇಗೆ? ಬಸ್ಸು ಖಾಲಿ ಹೋಯಿತು, ಖಾಲಿಯೇ ಕ್ಷೇಮವಾಗಿ ತಲುಪಿತು. ಮಾರನೆ ದಿನ ಎಲ್ಲ ಅಂಕಣದ ಬಸ್ಸಿಗೂ ಅದನ್ನೇ ಹೇಳಿದ. ಕೋಣೆಯಿಂದ ಎಳೆದು ತರುವಾಗ ಮೈಕು ಕೈಯಲ್ಲೇ ಇತ್ತಂತೆ. ನಾನು ಹಾಗೆ ಹೇಳಲೇ ಇಲ್ಲ, ಬಸ್ಸು ಬಂತು ಅಂತ ಮಾತ್ರ ಹೇಳಿದೆ, ನೀವು ಯಾಕೆ ಬೇರೆ ಥರ ಕೇಳಿಸಿಕೊಂಡಿರಿ ಅಂತ ಅವನು ಎಲ್ಲರನ್ನೂ ಕೇಳುತ್ತಿದ್ದ.

ಮಾನಸಿಕ ಆಸ್ಪತ್ರೆಗೆ ಸೇರಿಸಿದ ಮೇಲೆ ಮಾತು ನಿಂತುಹೋಯಿತು. ತನ್ನ ಬಾಯಿಯನ್ನು ತಾನೇ ನಂಬದೆ ಬೀಗ ಹಾಕಿಕೊಂಡ ಅಂತ ಡಾಕ್ಟರಮ್ಮ ಹೇಳಿದರು. ಊಟ ಮಾಡುವನು, ಸ್ನಾನ ಮಾಡುವನು, ತಲೆ ಬಾಚಿಕೊಳ್ಳುವನು, ಸೀನಿದರೂ ಸದ್ದು ಬರಬಾರದು ಅನ್ನುವ ಹಾಗೆ ಮೂಗು ಹಿಡಿದುಕೊಳ್ಳುವನು. ನನ್ನ ಗಂಡ ತೀರಿಕೊಂಡಾಗ ನಾನೇ ಹೋಗಿ ಹೇಳಿದೆ. ನನ್ನ ಕೈ ಹಿಡಿದುಕೊಂಡು ಅತ್ತ. ಅಳುವಿಗೂ ಸದ್ದಿರಲಿಲ್ಲ. ಆಮೇಲೆ ಅವನಿಗೆ ನಾನು ಬಿಟ್ಟರೆ ಯಾರೂ ಇಲ್ಲ. ಭಾನುವಾರ ಹೋಗುವುದು, ಎದುರಿಗೆ ಕೂರುವುದು, ಮನೆಯ ಸುದ್ದಿ ಹೇಳುವುದು, ಗಂಟೆ ಹೊಡೆದರೆ ಎದ್ದು ಬರುವುದು. ಗೋಡೆಯ ಹತ್ತಿರ ಮಾತಾಡಿದ ಹಾಗೆ. ಆದರೆ ಈ ಗೋಡೆ ತಲೆ ಆಡಿಸುತ್ತಿತ್ತು.

ಆಸ್ಪತ್ರೆಯ ಆಫೀಸಿನ ಹಿಂದೆ ಒಂದು ಸಣ್ಣ ಕೋಣೆ, ಅದರೊಳಗೆ ಮೈಕು ಸಿಕ್ಕಿಸುವ ಒಂದು ಹಳೆ ಮರದ ಡಬ್ಬ. ಅಲ್ಲಿಂದ ಒಂದೊಂದು ವಾರ್ಡಿಗೂ ತಂತಿ ಹೋಗಿ, ಗೋಡೆಯ ಮೇಲೆ ಒಂದೊಂದು ಸ್ಪೀಕರ್ ಡಬ್ಬ. ಯಾರಿಗಾದರೂ ಮನೆಯವರು ಬಂದರೆ ಗುಮಾಸ್ತ ಅದರಲ್ಲಿ ಕರೆಯುತ್ತಿದ್ದ. ಬಾಯಲ್ಲಿ ಏನೋ ಇಟ್ಟುಕೊಂಡು ಮಾತಾಡುವ ಮನುಷ್ಯ. ಒಬ್ಬನನ್ನು ಕರೆದರೆ ಇನ್ನೊಬ್ಬ ಬರುತ್ತಿದ್ದ. ಒಂದು ಭಾನುವಾರ ಗುಮಾಸ್ತ ಟೀ ಕುಡಿಯಲು ಹೋಗಿದ್ದಾಗ ಆಸ್ಪತ್ರೆಯ ಎಲೆಕ್ಟ್ರಿಷಿಯನ್ನು ಆ ಮೈಕಿನ ಡಬ್ಬಕ್ಕೆ ಹಗ್ಗ ಬಿಗಿಯುತ್ತಿದ್ದ. ಅದರ ಮರ ಸೀಳಿಹೋಗಿತ್ತು. ಮೈಕು ಹಿಡಿಯಲು ಕೈ ಸಾಲದೆ, ಮೆಟ್ಟಿಲ ಮೇಲೆ ಕೂತಿದ್ದ ನನ್ನ ಮೈದುನನ ಕೈಗೆ ಕೊಟ್ಟ. ಅಷ್ಟರಲ್ಲಿ ಒಬ್ಬಳು ಮುದುಕಿ ಬಂದು, "ನನ್ನ ಮಗ ಎರಡನೇ ವಾರ್ಡು, ಯಾವ ಕಡೆ ಹೋಗಲಪ್ಪ?" ಅಂದಳು. ನಾನು ಪಕ್ಕದಲ್ಲೇ ಇದ್ದೆ. ಅವನ ಹೆಬ್ಬೆರಳು ಗುಂಡಿ ಒತ್ತಿತು.

"ಎರಡನೇ ವಾರ್ಡಿನವರ ಗಮನಕ್ಕೆ. ನಿಮ್ಮ ಪೈಕಿ ಒಬ್ಬರ ತಾಯಿ ಬಂದಿದ್ದಾರೆ. ಕಾಲು ನೋವಿದೆ. ದಯವಿಟ್ಟು ನೀವೇ ಬನ್ನಿ."

ಎಲೆಕ್ಟ್ರಿಷಿಯನ್ನಿನ ಬಾಯಲ್ಲಿದ್ದ ಮೊಳೆ ಕೆಳಗೆ ಬಿತ್ತು. ಎರಡನೇ ವಾರ್ಡಿನಿಂದ ಒಬ್ಬ ಬರುವ ಬದಲು ಆರೇಳು ಗಂಡಸರು ಬಂದರು, ಪಾಪ, ಎಲ್ಲರಿಗೂ ತಾಯಿಯೇ.

ರೇಡಿಯೋ ಶುರುವಾದದ್ದು ಹೀಗೆ. ರೇಡಿಯೋ ಅಂತ ಹೆಸರಿಟ್ಟವರು ವಾರ್ಡಿನವರೇ. ಬೆಳಿಗ್ಗೆ ಕಿಟಕಿಯಿಂದ ಆಕಾಶ ನೋಡಿ, ಬಟ್ಟೆ ಒಣಗುತ್ತೋ ಇಲ್ಲವೋ ಹೇಳುವನು. ಸ್ನಾನಕ್ಕೆ ಮೊದಲು ಯಾವ ವಾರ್ಡು, ಅಡುಗೆಮನೆಯಲ್ಲಿ ಏನು ಬೇಯುತ್ತಿದೆ, ಯಾರ ಚಪ್ಪಲಿ ಯಾರ ಮಂಚದ ಕೆಳಗೆ ಸಿಕ್ಕಿತು. ಎಲೆಕ್ಟ್ರಿಷಿಯನ್ನಿನ ಕ್ಯಾಸೆಟ್ಟಿನಿಂದ ಹಾಡು. ಯಾರಾದರೂ ಗುಣವಾಗಿ ಮನೆಗೆ ಹೊರಟರೆ, "ಇಂದು ಹೊರಡುವವರು," ಅಂತ ಹೇಳಿ, ಕೊನೆಗೆ, "ತಲುಪುತ್ತಾರೆ," ಅನ್ನುವನು. ಅದೊಂದು ಮಾತಿಗಾಗಿ ಹೊರಡುವವರು ಚೀಲ ಹಿಡಿದು ಡಬ್ಬದ ಕೆಳಗೆ ಕಾಯುತ್ತಿದ್ದರು ಅಂತ ಹೆಂಗಸರ ವಾರ್ಡಿನ ಆಯಾ ಹೇಳುತ್ತಿದ್ದಳು. "ನಿಮ್ಮ ಮೈದುನ ಹೇಳದೆ ಇದ್ರೆ ಡಿಸ್ಚಾರ್ಜೇ ಆಗಿಲ್ಲ ಅಂತಾರಮ್ಮ. ಡಾಕ್ಟರು ಸೈನ್ ಹಾಕಿದ್ರೂ ಕದಲಲ್ಲ."

ನನ್ನ ಹತ್ತಿರವೂ ಮಾತು ಬಂತು. ಉಪ್ಪಿನ ಕುಚೇಷ್ಟೆಯೂ ಬಂತು. ಡಾಕ್ಟರಮ್ಮ ನನ್ನನ್ನು ಕರೆದು ಒಂದೇ ಮಾತು ಹೇಳಿದ್ದರು. "ಆ ಕೋಣೆ ಇರೋವರೆಗೂ ಇವರು ಮಾತಾಡ್ತಾರೆ. ಇನ್ನೊಂದು ಸಲ ನಿಂತರೆ ತರೋದು ನನ್ನ ಕೈಯಲ್ಲಿಲ್ಲ."

ಟೀವಿಯವರು ಬಂದದ್ದು ಈ ಸುದ್ದಿ ಎಲ್ಲಿಂದಲೋ ಕೇಳಿಕೊಂಡು. ಹುಚ್ಚಾಸ್ಪತ್ರೆಯಲ್ಲಿ ಒಬ್ಬ ರೋಗಿ ರೇಡಿಯೋ ನಡೆಸುತ್ತಾನೆ, ಅವನ ದನಿ ಕೇಳಿ ಎಲ್ಲರಿಗೂ ಗುಣವಾಗುತ್ತದೆ ಅಂತ ಒಂದು ಧಾರಾವಾಹಿ. ಆಸ್ಪತ್ರೆಯಲ್ಲೇ ತೆಗೆಯುತ್ತೇವೆ ಅಂದರು. ದೊಡ್ಡ ಡಾಕ್ಟರು ಹೊಸ ಕೋಟು ಹೊಲಿಸಿಕೊಂಡರು. ನನ್ನ ಮೈದುನನ ಪಾತ್ರ ಮಾಡುವ ಹುಡುಗ ಬಹಳ ಸಾಧು. ದಿನಾ ಬಂದು ಅವನ ಪಕ್ಕ ಕೂತು, ಹೇಗೆ ಉಸಿರು ತಗೋತಾನೆ, ಹೇಗೆ ಗುಂಡಿ ಒತ್ತುತ್ತಾನೆ ಅಂತ ನೋಡುತ್ತಿದ್ದ.

"ಇವರಿಗೆ ನಾನು ಮಾತು ಕಲಿಸಬೇಕೋ ಹುಚ್ಚು ಕಲಿಸಬೇಕೋ ಅತ್ತಿಗೆ?" ಅಂದ ಮೈದುನ. "ಎರಡಕ್ಕೂ ಸಂಬಳ ಬೇರೆ ಬೇರೆ ಅಂತ ಹೇಳಿದೀನಿ."

ಅವರ ಪೈಕಿ ಒಬ್ಬ ಸೆಟ್ ಹಾಕುವವನು. ಕಿವಿಯ ಹಿಂದೆ ಪೆನ್ಸಿಲ್ಲು, ಸೊಂಟಕ್ಕೆ ಟೇಪು. ಕೋಣೆ ನೋಡಿ ಮುಖ ಸಣ್ಣ ಮಾಡಿಕೊಂಡ. ಸೀಳಿದ ಡಬ್ಬ, ಹಗ್ಗ, ಗೋಡೆ ತೂತಿನಿಂದ ಜೋತು ಬಿದ್ದ ತಂತಿ.

"ಇದು ರೇಡಿಯೋ ಕೋಣೆ ಥರ ಕಾಣ್ತಾನೇ ಇಲ್ವಲ್ಲಮ್ಮ," ಅಂದ.

"ಕಾಣೋದಕ್ಕೇನಪ್ಪ, ರೇಡಿಯೋ ಕೇಳೋದಲ್ವಾ?" ಅಂದೆ.

ಅವನು ನಕ್ಕ. ಒಳ್ಳೆಯವನೇ. ತನ್ನ ಕೆಲಸದಲ್ಲಿ ಒಂದಿಷ್ಟೂ ಕಳ್ಳತನ ಮಾಡದವನು. ಚಿತ್ರೀಕರಣ ನಡೆದಷ್ಟು ದಿನ ರೇಡಿಯೋಗೆ ರಜೆ ಕೊಟ್ಟರು. ಎಲೆಕ್ಟ್ರಿಷಿಯನ್ನು ಆಗಲೇ ಹರ್ನಿಯಾ ಆಪರೇಷನ್ನಿಗೆ ಅಂತ ಬೇರೆ ಆಸ್ಪತ್ರೆ ಸೇರಿದ್ದ. ಇದ್ದಿದ್ದರೆ ತಂತಿಗೆ ಕೈ ಹಾಕಲು ಬಿಡುತ್ತಿರಲಿಲ್ಲ. ಎಲ್ಲ ಮುಗಿದು ಅವರು ಹೊರಟಾಗ ಕೋಣೆಗೆ ತಿಳಿ ನೀಲಿ ಬಣ್ಣ ಬಂದಿತ್ತು. ಮೇಜಿನ ಮೇಲೆ ಕಪ್ಪು ಪೆಟ್ಟಿಗೆ, ಅದರ ತುಂಬ ಗುಂಡಿ, ಬೆಳ್ಳಿ ಹಾಗೆ ಹೊಳೆಯುವ ಮೈಕು, ಒತ್ತಿದರೆ ಹೊತ್ತಿಕೊಳ್ಳುವ ಕೆಂಪು ದೀಪ. ಇದನ್ನೆಲ್ಲ ಆಸ್ಪತ್ರೆಗೇ ಬಿಟ್ಟು ಹೋಗುತ್ತೇವೆ ಅಂದರು. ಸ್ಟೋರಿನವನು ಬಂದು ಗುಂಡಿ ಒತ್ತಿದ. ದೀಪ ಉರಿಯಿತು. ಸರಿ ಇದೆ ಅಂತ ವಹಿಸಿಕೊಂಡ. ಹಳೆ ಡಬ್ಬ ಹಗ್ಗದ ಸಮೇತ ಗುಜರಿ ಗಾಡಿಗೆ ಹೋಯಿತು.

ಮಾರನೆ ಬೆಳಿಗ್ಗೆ ನನ್ನ ಮೈದುನ ಹೊಸ ಮೈಕಿನ ಮುಂದೆ ಕೂತ. ದೀಪ ಉರಿಯಿತು. ಆಕಾಶ ನೋಡಿ ಹೇಳಿದ, ಸ್ನಾನ ಹೇಳಿದ, ಹಾಡು ಹಾಕಿದ. ಆ ಕೋಣೆಯಿಂದ ವಾರ್ಡು ಅಂಗಳದಾಚೆ, ಗೋಡೆ ದಪ್ಪ. ಅಲ್ಲಿ ಕೇಳಿಸುತ್ತಿದೆಯೋ ಇಲ್ಲವೋ ಕೂತಲ್ಲಿಂದ ಗೊತ್ತಾಗುವ ಹಾಗಿಲ್ಲ. ಮೊದಲಿನಿಂದಲೂ ಹಾಗೇ.

ಆ ಭಾನುವಾರ ಆಯಾ ನನ್ನನ್ನು ಗೇಟಿನ ಹತ್ತಿರವೇ ತಡೆದಳು. "ಅಮ್ಮಾ, ರೇಡಿಯೋ ಬರ್ತಿಲ್ಲ. ಅವರು ಮಾತಾಡ್ತಾನೇ ಇದಾರೆ, ನಮ್ಮ ಡಬ್ಬ ಮೂಕ."

ಕಾಯಿಲೆ ರಜೆ ಮುಗಿಸಿ ಬಂದಿದ್ದ ಎಲೆಕ್ಟ್ರಿಷಿಯನ್ನನ್ನು ಹಿಡಿದೆ. ಮೈದುನ ಊಟಕ್ಕೆ ಹೋಗಿದ್ದಾಗ ಇಬ್ಬರೂ ಹೋಗಿ ಕಪ್ಪು ಪೆಟ್ಟಿಗೆಯ ಬೆನ್ನು ಬಿಚ್ಚಿದೆವು. ಒಳಗೆ ಒಂದು ಬಲ್ಬು, ಅಲ್ಲಾಡದೆ ಕೂರಲಿ ಅಂತ ಎರಡು ಇಟ್ಟಿಗೆ. ಅಷ್ಟೇ. ಬಲ್ಬಿನ ತಂತಿ ಪ್ಲಗ್ಗಿಗೆ ಹೋಗಿತ್ತು. ವಾರ್ಡಿಗೆ ಹೋಗುತ್ತಿದ್ದ ತಂತಿಗಳನ್ನು ಕತ್ತರಿಸಿ, ತೂತಿಗೆ ಸಿಮೆಂಟು ಮೆತ್ತಿ, ಮೇಲೆ ಬಣ್ಣ ಹೊಡೆದಿದ್ದರು. ಎಲೆಕ್ಟ್ರಿಷಿಯನ್ನು ನೆಲಕ್ಕೆ ಕೂತುಬಿಟ್ಟ. ಹೊಲಿಗೆ ಹಾಕಿದ ಹೊಟ್ಟೆ ಹಿಡಿದುಕೊಂಡು, "ನನ್ನ ಹೊಟ್ಟೆ ಕುಯ್ದಿದ್ದೇ ವಾಸಿ, ಇದನ್ನ ಕುಯ್ದರಲ್ಲ," ಅಂದ.

ಸೆಟ್ ಹಾಕುವವನಿಗೆ ಫೋನು ಮಾಡಿಸಿದೆ. ಅವನಿಗೆ ನಿಜವಾಗಿಯೂ ನೋವಾಯಿತು. "ಅಮ್ಮಾ, ಅದು ಕೆಲಸ ಮಾಡ್ತಿದ್ದದ್ದಾ? ಹಗ್ಗ ಕಟ್ಟಿತ್ತಲ್ಲ, ಹಾಳಾಗಿದ್ದು ಅಂದ್ಕೊಂಡೆ. ಕ್ಯಾಮೆರಾದಲ್ಲಿ ತಂತಿ ಕಾಣ್ತಿತ್ತು," ಅಂದ. ಅವನು ಈಗ ಬೇರೆ ಧಾರಾವಾಹಿಗೆ ಒಂದು ಕೋರ್ಟು ಕಟ್ಟುತ್ತಿದ್ದ. ದೊಡ್ಡ ಡಾಕ್ಟರ ಹತ್ತಿರ ಹೋದೆ. ಹೊಸದಕ್ಕೆ ಕೇಳಿದ್ದೇವೆ, ಮೇಲಿನಿಂದ ಬರಬೇಕು ಅಂದರು. ಮೇಲಿನಿಂದ ಬರಬೇಕು ಅನ್ನುವುದು ಮಳೆಗೂ ಹೇಳುವ ಮಾತೇ. ಎಲೆಕ್ಟ್ರಿಷಿಯನ್ನು ಗುಜರಿಯವನನ್ನು ಹುಡುಕಿಕೊಂಡು ಹೋದ. ಅಷ್ಟರಲ್ಲಿ ಡಬ್ಬದ ತಾಮ್ರ ಕರಗಿ, ಮರ ಒಲೆ ಸೇರಿತ್ತು.

ಡಾಕ್ಟರಮ್ಮ ಎಲ್ಲ ಕೇಳಿಸಿಕೊಂಡರು. "ಅವರಿಗೆ ಗೊತ್ತಾ?" ಅಂದರು.

"ಇಲ್ಲ. ದೀಪ ಉರಿಯುತ್ತಲ್ಲ."

"ಹಾಗಿದ್ರೆ ಹೊಸದು ಬರೋವರೆಗೂ ಹೇಳಬೇಡಿ. ಮಾತಾಡ್ತಾ ಇರಲಿ."

ನನಗೂ ಅದೇ ಸರಿ ಅನ್ನಿಸಿತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಆಯಾ ಹೋಗಿ ವಾರ್ಡುಗಳಲ್ಲಿ ಹೇಳಿದಳು. ರೇಡಿಯೋ ಅಣ್ಣನ ಮುಂದೆ ಯಾರೂ ಬಾಯಿ ಬಿಡಬೇಡಿ, ಕೇಳಿಸ್ತಿದೆ ಅನ್ನಿ. ಯಾರಿಗಾದರೂ ಮನೆಯವರು ಬಂದರೆ ಅವಳೇ ಓಡಿಹೋಗಿ ಕರೆತರುತ್ತಿದ್ದಳು. ಹುಚ್ಚರ ಹೊಟ್ಟೆಯಲ್ಲಿ ಗುಟ್ಟು ನಿಲ್ಲುತ್ತದೆಯೇ ಅಂತ ದೊಡ್ಡ ಡಾಕ್ಟರು ನಕ್ಕರು. ಗುಟ್ಟೇನೋ ನಿಂತಿತು. ಒಬ್ಬರೂ ಬಿಟ್ಟುಕೊಡಲಿಲ್ಲ. ಅವರು ಕೊಟ್ಟದ್ದು ಜಾಸ್ತಿಯಾಯಿತು.

ಒಂದು ಭಾನುವಾರ ಹೋದಾಗ ಮೈದುನ ಬೆಂಚಿನ ತುದಿಯಲ್ಲಿ ಕೂತಿದ್ದ. ತಲೆ ಬಾಚಿರಲಿಲ್ಲ.

"ಅತ್ತಿಗೆ, ನಿನ್ನೆ ನಾನು ತಾಯಿ ಬಗ್ಗೆ ಮಾತಾಡಿದ್ನಂತೆ. ಲಾಯರು ಹೇಳ್ದ. ಕಣ್ಣಲ್ಲಿ ನೀರು ಬಂತಂತೆ ಅವನಿಗೆ."

ಲಾಯರು ಅಂದರೆ ಅವನ ವಾರ್ಡಿನವನು, ಎಲ್ಲದಕ್ಕೂ ವಾದ ಹೂಡುವವನು ಅಂತ ಇಟ್ಟ ಹೆಸರು.

"ಮಾತಾಡಿರಬಹುದು ಬಿಡು," ಅಂದೆ.

"ನಾನು ಮಾತಾಡಿದ್ದು ನೀರಿನ ಟ್ಯಾಂಕು ತೊಳೆಯೋದರ ಬಗ್ಗೆ."

ನನಗೆ ನಗು ಬಂದುಬಿಟ್ಟಿತು. ಅವನು ನಗಲಿಲ್ಲ.

"ಹೆಂಗಸರ ವಾರ್ಡಿನವರು ಹಾಡು ಚೆನ್ನಾಗಿತ್ತು ಅಂದ್ರು. ನಿನ್ನೆ ಹಾಡೇ ಹಾಕಿಲ್ಲ. ಅಡುಗೆಯವನು ಬಂದು, ನನ್ನನ್ನ ರೇಡಿಯೋದಲ್ಲಿ ಹೊಗಳಿದ್ದಕ್ಕೆ ಥ್ಯಾಂಕ್ಸ್ ಅಂತ ಕೈ ಹಿಡ್ಕೊಂಡ. ಮೂರು ಜನ ಮೂರು ಥರ ಕೇಳಿಸಿಕೊಂಡಿದಾರೆ. ಬಾಯಿ ನನ್ನದು ಅತ್ತಿಗೆ. ಅದರಿಂದ ಏನು ಹೊರಗೆ ಬರ್ತಿದೆ ಅಂತ ನನಗೇ ಗೊತ್ತಾಗ್ತಿಲ್ಲ. ಬಸ್ ಸ್ಟ್ಯಾಂಡಲ್ಲೂ ಹೀಗೇ ಶುರುವಾಗಿದ್ದು."

ಅವನ ಅಂಗೈ ಒದ್ದೆಯಾಗಿತ್ತು. ಪ್ಯಾಂಟಿಗೆ ಒರೆಸಿಕೊಂಡ, ಮತ್ತೆ ಒದ್ದೆಯಾಯಿತು.

"ಡಾಕ್ಟರಮ್ಮನ ಹತ್ತಿರ ನಾನೇ ಹೋದೆ. ಕಾಯಿಲೆ ವಾಪಸ್ ಬಂದಿದೆ, ಮಾತ್ರೆ ಜಾಸ್ತಿ ಮಾಡಿ ಅಂದೆ. ನೋಡೋಣ ಅಂದ್ರು. ಅವರೂ ನನ್ನ ಮುಖ ನೋಡಲಿಲ್ಲ."

ನಾನು ಎದ್ದು ನೇರ ಡಾಕ್ಟರಮ್ಮನ ಕೋಣೆಗೆ ಹೋದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಅಂತ ಗಾದೆ ಇದೆ. ಇಲ್ಲಿ ಪೆಟ್ಟಿಗೆಗೆ ಜ್ವರ, ಮನುಷ್ಯನಿಗೆ ಮಾತ್ರೆ. ಹಾಗೇ ಅಂದೆ. ಅವರು ಪೆನ್ನು ಕೆಳಗಿಟ್ಟರು. ವಯಸ್ಸಿನಲ್ಲಿ ನನ್ನ ಮಗಳಷ್ಟೇ ಇರುವ ಹೆಣ್ಣು.

"ಹೇಳಿಬಿಡಿ," ಅಂದರು. "ನಾನು ಹೇಳಿದ್ರೆ ಅದೂ ಒಂದು ಔಷಧಿ ಅಂದ್ಕೊಳ್ತಾರೆ. ನೀವು ಹೇಳಿ."

ಅವನನ್ನು ನೀಲಿ ಕೋಣೆಗೆ ಕರೆದುಕೊಂಡು ಹೋಗಿ ಹೇಳಿದೆ. ನಿನ್ನ ಬಾಯಿ ಸರಿಯಾಗಿದೆ. ಪೆಟ್ಟಿಗೆ ಸುಳ್ಳು. ನೀನು ಮಾತಾಡಿದ್ದು ಯಾರಿಗೂ ಕೇಳಿಲ್ಲ. ಟೀವಿಯವರು ಹೋದಾಗಿನಿಂದ ಕೇಳಿಲ್ಲ. ನಿನಗೆ ಬೇಜಾರಾಗಬಾರದು ಅಂತ ಒಬ್ಬೊಬ್ಬರು ಒಂದೊಂದು ಕಟ್ಟಿ ಹೇಳಿದರು.

ಅವನು ನನ್ನ ಮುಖವನ್ನೇ ನೋಡಿದ. ಆಮೇಲೆ ಗುಂಡಿ ಒತ್ತಿದ. ದೀಪ ಉರಿಯಿತು. ಆರಿಸಿದ. ಮತ್ತೆ ಒತ್ತಿದ. ಮೇಜನ್ನು ಮುಂದಕ್ಕೆ ಎಳೆದು ಹಿಂದೆ ಹೋಗಿ, ಗೋಡೆಗೆ ಕೈ ಇಟ್ಟು ಸವರುತ್ತಾ ಬಂದ. ಒಂದು ಕಡೆ ಬೆರಳು ನಿಂತಿತು. ಬಣ್ಣದ ಕೆಳಗೆ ಸಿಮೆಂಟು ಸ್ವಲ್ಪ ಉಬ್ಬಿತ್ತು. ಅಲ್ಲಿ ಹೆಬ್ಬೆರಳು ಒತ್ತಿ ಹಿಡಿದುಕೊಂಡ.

"ಎಲ್ರಿಗೂ ಗೊತ್ತಿತ್ತಾ?"

"ಹೂಂ."

"ಲಾಯರಿಗೂ?"

"ಹೂಂ."

"ಪರವಾಗಿಲ್ಲ, ಚೆನ್ನಾಗಿ ಅತ್ತ," ಅಂದ. ಮೇಜನ್ನು ಮೊದಲಿದ್ದ ಜಾಗಕ್ಕೇ ತಳ್ಳಿದ. "ಹಾಗಾದ್ರೆ ಹೋದ ವಾರ ಮನೆಗೆ ಹೋದಳಲ್ಲ, ಆ ಹುಡುಗಿ. ತಲುಪುತ್ತಾಳೆ ಅಂತ ನಾನು ಹೇಳಿದ್ದು ಅವಳಿಗೆ ಕೇಳದೇ ಹೊರಟುಹೋದಳು."

ಹುಚ್ಚಲ್ಲ ಅಂತ ಗೊತ್ತಾದರೆ ಅವನಿಗೆ ಹಗುರವಾಗುತ್ತದೆ ಅಂದುಕೊಂಡಿದ್ದೆ. ಹಗುರವಾದದ್ದು ನಿಜ. ಕೈ ಬೆವರುವುದು ನಿಂತಿತು. ಆದರೆ ಮಾತೂ ನಿಂತಿತು. ಮಾರನೆ ದಿನ ಕೋಣೆಗೆ ಹೋಗಲಿಲ್ಲವಂತೆ. ಯಾರೇನು ಕೇಳಿದರೂ ತಲೆ ಆಡಿಸುವುದು. ಮತ್ತೆ ಮೊದಲಿನ ಹಾಗೆ ಸೀನು ಬಂದರೆ ಮೂಗು ಹಿಡಿದುಕೊಳ್ಳುವುದು. ಲಾಯರು ಬಂದು ಅವನ ಕಾಲು ಹಿಡಿದುಕೊಂಡು, ನನ್ನ ಮೇಲೆ ಕೇಸು ಹಾಕು, ನಾನೇ ವಾದ ಮಾಡ್ತೀನಿ ಅಂದ. ಮೈದುನ ಅವನ ತಲೆ ನೇವರಿಸಿ ಎಬ್ಬಿಸಿದ. ಕೋಪ ಇರಲಿಲ್ಲ. ಕೋಪ ಇದ್ದಿದ್ದರೆ ಒಂದು ಮಾತಾದರೂ ಬರುತ್ತಿತ್ತು.

ಧಾರಾವಾಹಿ ಟೀವಿಯಲ್ಲಿ ಬಂತು. ಊಟದ ಹಾಲಿನಲ್ಲಿ ಎಲ್ಲರನ್ನೂ ಕೂರಿಸಿ ತೋರಿಸಿದರು. ನಾನೂ ಹೋಗಿದ್ದೆ. ನೀಲಿ ಕೋಣೆ, ಕೆಂಪು ದೀಪ. ಆ ಸಾಧು ಹುಡುಗ ಗುಂಡಿ ಒತ್ತಿ ಉಸಿರು ತಗೊಂಡ. ಥೇಟು ನನ್ನ ಮೈದುನ. ವಾರ್ಡಿನ ಡಬ್ಬದಿಂದ ದನಿ ಬಂತು, ಹಾಸಿಗೆಯಲ್ಲಿದ್ದವರು ಎದ್ದು ಕೂತರು, ಹಿಂದೆ ಪಿಟೀಲು. ಹಾಲಿನಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿ ಇವನ ಕಡೆ ತಿರುಗಿದರು. ಅವನೂ ತಟ್ಟಿದ. ತಟ್ಟುವಾಗಲೂ ಅಂಗೈ ತಾಕದ ಹಾಗೆ ಮೆಲ್ಲಗೆ.

ಅದನ್ನು ನೋಡಿದ ಯಾರೋ ಪುಣ್ಯಾತ್ಮರು ಆಸ್ಪತ್ರೆಗೆ ನಿಜವಾದ ಸಾಮಾನು ಕಳಿಸಿದರು. ಎಲೆಕ್ಟ್ರಿಷಿಯನ್ನು ಸಿಮೆಂಟು ಒಡೆದು ಹೊಸ ತಂತಿ ಎಳೆದ. ಆಯಾ ಓಡಿ ಬಂದು, "ಕೇಳಿಸ್ತಿದೆ, ಈ ಸಲ ನಿಜ, ನನ್ನ ಮಕ್ಕಳಾಣೆ," ಅಂದಳು. ಮೈದುನ ಅವಳಿಗೂ ತಲೆ ಆಡಿಸಿದ. ಕೇಳಿಸದಿದ್ದಾಗಲೂ ಇದೇ ಮುಖ ಮಾಡಿಕೊಂಡು ಕೇಳಿಸ್ತಿದೆ ಅಂದಿದ್ದವಳು. ಈಗ ಬೇರೆ ಮುಖ ಎಲ್ಲಿಂದ ತರುತ್ತಾಳೆ?

ನನಗೊಂದು ಉಪಾಯ ಹೊಳೆಯಿತು. ಅವನನ್ನು ವಾರ್ಡಿನಲ್ಲಿ ಡಬ್ಬದ ಕೆಳಗೆ ಕೂರಿಸಿ, ನಾನೇ ಹೋಗಿ ಮೈಕಿನ ಮುಂದೆ ಕೂತೆ. ಜನ್ಮದಲ್ಲಿ ಮೈಕು ಮುಟ್ಟಿದವಳಲ್ಲ. "ನಾನಪ್ಪಾ, ನಿನ್ನ ಅತ್ತಿಗೆ. ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದಾರೆ. ಮಗಳು ಹೊಸ ಚಾದರ ಕೊಂಡಿದ್ದಾಳೆ. ಕೇಳಿಸ್ತಾ?" ಅಂದೆ. ಇನ್ನೇನು ಹೇಳಬೇಕೋ ತಿಳಿಯದೆ ಚಾದರದ ಬಣ್ಣವನ್ನೂ ಹೇಳಿದೆ. ಅಂಗಳ ದಾಟಿ ವಾಪಸ್ ಹೋದಾಗ ಅವನು ಡಬ್ಬವನ್ನೇ ನೋಡುತ್ತಿದ್ದ. ಚಾದರ ಯಾವ ಬಣ್ಣ ಅಂತ ಕೇಳಿದೆ. ಬಾಯಿ ತೆರೆಯದೆ ಕಿಟಕಿಯಾಚೆ ಗಿಡದ ಹಸಿರು ಎಲೆ ತೋರಿಸಿದ. ಸರಿಯಾಗಿತ್ತು.

ಕೈ ಹಿಡಿದು ಕೋಣೆಗೆ ಕರೆದುಕೊಂಡು ಬಂದೆ. ಕೂತ. ಗುಂಡಿ ಒತ್ತಿದ. ಇದಕ್ಕೂ ಒಂದು ಕೆಂಪು ದೀಪವೇ. ಉರಿಯಿತು. ಉಸಿರು ತಗೊಂಡ, ತುಟಿ ಬಿಚ್ಚಿದ. ಬಾಗಿಲಲ್ಲಿ ಎಲೆಕ್ಟ್ರಿಷಿಯನ್ನು, ಅವನ ಹಿಂದೆ ಡಾಕ್ಟರಮ್ಮ. ಅವನು ದೀಪ ನೋಡಿದ. ಆಮೇಲೆ ಮೈಕನ್ನು ಪಕ್ಕಕ್ಕೆ ಸರಿಸಿ ನನ್ನ ಕಡೆ ತಿರುಗಿದ.

"ನಾನು ಅಲ್ಲಿದ್ದಾಗ ಕೇಳಿಸ್ತು ಅತ್ತಿಗೆ," ಅಂದ. "ನಾನು ಇಲ್ಲಿದ್ದಾಗ?"

ಕೇಳಿಸತ್ತೆ ಕಣೋ ಅಂದೆ. ನನಗೇ ಆ ಮಾತು ಹಳೆಯದು ಅನ್ನಿಸಿತು. ಎರಡೂ ಕಡೆ ಒಬ್ಬನೇ ಮನುಷ್ಯ ಹೇಗೆ ಇರಲಿ?

ಅದಾದ ಮೇಲೆ ಅವನು ಮಾತಾಡಿಲ್ಲ. ಈಗ ಮತ್ತೆ ಗುಮಾಸ್ತನೇ ಕರೆಯುತ್ತಾನೆ. ಒಬ್ಬನನ್ನು ಕರೆದರೆ ಇನ್ನೊಬ್ಬ ಬರುತ್ತಾನೆ. ಮೈದುನ ಡಬ್ಬದ ಕೆಳಗಿನ ಮಂಚ ಕೇಳಿ ಹಾಕಿಸಿಕೊಂಡಿದ್ದಾನೆ. ಸದ್ದು ಬಂದಾಗಲೆಲ್ಲ ತಲೆ ಎತ್ತುತ್ತಾನೆ. ಭಾನುವಾರ ನಾನು ಹೋಗುತ್ತೇನೆ. ಗುಮಾಸ್ತ ಏನು ಕರೆದರೂ ಅದು ಯಾರಿಗೆ ಅಂತ ಅವನಿಗೆ ತಿಳಿಯುತ್ತದೆ, ಎದ್ದು ಹೋಗಿ ಆ ಮನುಷ್ಯನ ಭುಜ ತಟ್ಟಿ ಬಾಗಿಲು ತೋರಿಸುತ್ತಾನೆ. ಆಮೇಲೆ ಬಂದು ನನ್ನ ಎದುರಿಗೆ ಕೂರುತ್ತಾನೆ. ನಾನು ಮಾತಾಡುತ್ತೇನೆ.